ಮೇಟಿ ಸುತ್ತ ಓಡಿದ ಕೆಂಪು ಕಾರು

ರಾಗಿ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡಿ, ಹೋಗಿ ಬರುವ ಬಸ್ಸು ಲಾರಿಗಳ ಚಕ್ರಕ್ಕೆ ಬಿಟ್ಟು ಒಕ್ಕಣೆ ಮುಗಿಸುವ ಅಭ್ಯಾಸ ನಮ್ಮ ಕಡೆಗೆ ಆಗಿನ್ನೂ ಪೂರ್ತಿ ಬಂದಿರಲಿಲ್ಲ. ಹನಕೆರೆ ಸ್ಟೇಷನ್ನಿನಿಂದ ಒಂದಿಷ್ಟು ಒಳಗೆ ನಮ್ಮ ಮನೆ. ಹಿತ್ತಲು ದಾಟಿದರೆ ಕಣ. ಸಗಣಿ ಸಾರಿಸಿ ಸಾರಿಸಿ ಸಿಮೆಂಟಿನ ಹಾಗೆ ಗಟ್ಟಿಯಾದ ನೆಲ, ನಡುವೆ ಮೇಟಿ ಕಂಬ, ಅದರ ಸುತ್ತ ಕಲ್ಲುಗುಂಡು ಎಳೆಯುತ್ತ ಸುತ್ತುವ ಎತ್ತು. ಒಕ್ಕಣೆ ಮುಗಿದ ಮೇಲೆ ಆ ಕಣ ಮಕ್ಕಳದು. ಲಗೋರಿ, ಕುಂಟೆಬಿಲ್ಲೆ, ಹುಲ್ಲಿನ ಮೆದೆಯ ಹಿಂದೆ ಕಣ್ಣಾಮುಚ್ಚಾಲೆ. ಮೈಗೆಲ್ಲ ಹೊಟ್ಟು ಮೆತ್ತಿಕೊಂಡು ನವೆ ಹತ್ತಿದರೂ ಅವ್ವ ಕೂಗುವ ತನಕ ಒಳಗೆ ಹೋಗುತ್ತಿರಲಿಲ್ಲ. ಹೋದರೆ ಒಲೆಯ ಮೇಲೆ ಹಿತಕವರೆ ಸಾರು, ಪಕ್ಕದಲ್ಲಿ ಹಬೆಯಾಡುವ ಮುದ್ದೆ. ದೂರದ ಆಲೆಮನೆಯಿಂದ ಬಿಸಿಬೆಲ್ಲದ ಗಮಲು ಬಾಗಿಲ ತನಕ ಬರುತ್ತಿತ್ತು.

ನನ್ನ ವಾರಿಗೆಯವರು ಇದನ್ನೆಲ್ಲ ನೆನೆದು ಹಿಗ್ಗುವುದನ್ನು ನೋಡಿದ್ದೇನೆ. ನನಗೂ ಎಲ್ಲ ನೆನಪಿದೆ. ಆದರೆ ನನ್ನ ನೆನಪಿನಲ್ಲಿ ಅವರೆಯ ಸೊಗಡಿನ ಜೊತೆ ಇನ್ನೊಂದು ವಾಸನೆ ಸೇರಿಕೊಂಡಿದೆ. ಸುಟ್ಟ ಹರಳೆಣ್ಣೆಯ ವಾಸನೆ. ಅದು ಬಂದ ಕೂಡಲೇ ಬಾಯಿ ಕಹಿಯಾಗುತ್ತದೆ.

ಆಗ ನಾನು ಏಳನೇ ಕ್ಲಾಸು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ಮಳವಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮೊದಮೊದಲು ಶನಿವಾರ ಶನಿವಾರ ಬರುತ್ತಿದ್ದವನು ತಿಂಗಳಿಗೊಮ್ಮೆ ಬರತೊಡಗಿದ. ಆಮೇಲೆ ಹಬ್ಬಗಳಿಗೆ ಮಾತ್ರ. ಆಮೇಲೆ ಹಬ್ಬಕ್ಕೂ ಇಲ್ಲ. ಕೆಲಸ ಜಾಸ್ತಿ ಎಂದು ಅವ್ವ ಹೇಳುತ್ತಿದ್ದಳು. ಅಲ್ಲಿ ಅವನು ಇನ್ನೊಂದು ಮದುವೆ ಮಾಡಿಕೊಂಡಿದ್ದ, ಒಂದು ಗಂಡುಮಗುವೂ ಆಗಿ ಅದು ಸ್ಕೂಲಿಗೆ ಸೇರುವಷ್ಟು ದೊಡ್ಡದಾಗಿತ್ತು. ಈ ವಿಷಯ ಊರಿಗೆಲ್ಲ ಗೊತ್ತಿತ್ತು. ನನ್ನೆದುರು ಯಾರೂ ಆಡುತ್ತಿರಲಿಲ್ಲ. ನಾನು ಕೊಡ ಹಿಡಿದು ಬೋರ್‌ವೆಲ್ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸಿ ನನ್ನ ಜಡೆ ಚೆನ್ನಾಗಿದೆ ಎನ್ನುತ್ತಿದ್ದರು. ನನಗೂ ಅರ್ಧಂಬರ್ಧ ಗೊತ್ತಿತ್ತು. ಅವ್ವನನ್ನು ಕೇಳಿದರೆ ಎಲ್ಲಿ ಹೌದು ಎಂದುಬಿಡುತ್ತಾಳೋ ಎಂದು ಕೇಳಿರಲಿಲ್ಲ.

ಆ ಸಲ ಅವರೆ ಚೆನ್ನಾಗಿ ಹಿಡಿದಿತ್ತು. ಕಾಯಿ ತುಂಬಲು ಮಂಕರಿ ಸಾಲದೆ, ಹಳೆಯದೊಂದು ಅಟ್ಟದ ಮೇಲಿದೆ, ತಗೊಂಡು ಬಾ ಎಂದು ಅವ್ವ ಹತ್ತಿಸಿದಳು. ಮಂಕರಿಯ ಹಿಂದೆ ಒಂದು ಗೋಣಿಚೀಲ ಕೈಗೆ ತಗುಲಿತು. ಒಳಗೆ ಏನೋ ಗಟ್ಟಿ. ಬಾಯಿ ಬಿಚ್ಚಿದರೆ ಆ ಕಾರು.

ಮೊಳದುದ್ದದ ಕಾರು ಅದು. ಹಳೇ ಕಾಲದ ರೇಸ್ ಕಾರಿನ ಹಾಗೆ ಚೂಪು ಮೂತಿ, ಅಲ್ಯೂಮಿನಿಯಂ ಮೈ, ಅಲ್ಲಲ್ಲಿ ಉಳಿದ ಕೆಂಪು ಬಣ್ಣ. ಮಕ್ಕಳು ಕೀ ಕೊಟ್ಟು ಬಿಡುವ ಆಟದ ಸಾಮಾನಲ್ಲ. ಅದರೊಳಗೆ ನನ್ನ ಮುಷ್ಟಿಯಷ್ಟು ದೊಡ್ಡ ನಿಜವಾದ ಇಂಜಿನ್ ಇತ್ತು, ಎಣ್ಣೆ ಹಾಕಿದರೆ ಓಡುವಂಥದು. ಅಪ್ಪ ಮದುವೆಗೆ ಮುಂಚೆ ಮಂಡ್ಯದಲ್ಲಿ ಫಿಟ್ಟರ್ ಕೆಲಸ ಮಾಡುತ್ತಿದ್ದಾಗ, ವಯಸ್ಸಾದ ಇಂಜಿನಿಯರೊಬ್ಬರು ಕ್ವಾರ್ಟರ್ಸ್ ಖಾಲಿ ಮಾಡಿ ಹೋಗುತ್ತ ಅವನಿಗೆ ಕೊಟ್ಟಿದ್ದರಂತೆ. ಕಾರಿನ ಪಕ್ಕಕ್ಕೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಕಂಬಕ್ಕೆ ಸಿಕ್ಕಿಸಿ ಬಿಟ್ಟರೆ ಅದು ಕಂಬದ ಸುತ್ತ ಓಡುತ್ತದೆ.

ನನಗಿರುವ ನೆನಪುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದು ಓಡಿದ್ದು. ನಾನು ಅಪ್ಪನ ಹೆಗಲ ಮೇಲೆ ಕೂತು ಅವನ ತಲೆಗೂದಲು ಹಿಡಿದುಕೊಂಡಿದ್ದೆ. ಕಾರು ಮೇಟಿಯ ಸುತ್ತ ಜೇನುಹುಳದ ಹಾಗೆ ಸದ್ದು ಮಾಡುತ್ತ ಸುತ್ತುತ್ತಿತ್ತು. ಊರಿನ ಅರ್ಧ ಜನ ಕಣದ ಅಂಚಿನಲ್ಲಿದ್ದರು. ಅಪ್ಪ ನಗುತ್ತಿದ್ದ, ನಗುವಾಗ ಅವನ ಹೆಗಲು ಅಲುಗಿ ನಾನೂ ಅಲುಗುತ್ತಿದ್ದೆ. ಅದಾದ ಮೇಲೆ ಅವನು ಅಷ್ಟು ನಕ್ಕದ್ದು ನೋಡಿದ ನೆನಪಿಲ್ಲ.

ಅಟ್ಟದ ಮೇಲೆ ದೂಳಿನಲ್ಲಿ ಕೂತು ನಾನು ತೀರ್ಮಾನ ಮಾಡಿಬಿಟ್ಟೆ. ಇದು ಓಡುವ ಹಾಗಾದರೆ ಅಪ್ಪ ಬರುತ್ತಾನೆ.

ಅವ್ವನಿಗೆ ಅದನ್ನು ನೋಡಿದ್ದೇ ಮುಖ ಕೆಟ್ಟಿತು. ಅವರೆ ಸುಲಿಯುತ್ತಿದ್ದ ಕೈ ನಿಂತಿತು.

"ಅದ್ಯಾಕೆ ಇಳಿಸ್ದೆ? ಎಲ್ಲಿತ್ತೋ ಅಲ್ಲೇ ಮಡಗು."

"ರಿಪೇರಿ ಮಾಡುಸ್ತೀನಿ ಕಣವ್ವ. ಓಡುದ್ರೆ ಅಪ್ಪ ನೋಡಕ್ಕೆ ಬತ್ತದೆ."

ಅವ್ವ ಮೊರದೊಳಗಿನ ಕಾಳಿನಲ್ಲಿ ಸುಮ್ಮನೆ ಕೈಯಾಡಿಸುತ್ತ ಕೂತಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಅವ್ವನ ತಮ್ಮ ಶಿವಮಾವನಿಗೆ ಮದ್ದೂರಿನಲ್ಲಿ ಸೈಕಲ್ಲು, ಲೂನಾ ರಿಪೇರಿ ಮಾಡುವ ಅಂಗಡಿಯಿತ್ತು. ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಗೋಣಿಚೀಲ ತಬ್ಬಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಮಾವ ಚೀಲದೊಳಗೆ ಇಣುಕಿ, ಇದು ನಿಮ್ಮಪ್ಪಂದಲ್ವಾ ಎಂದು ಕೇಳಿ ಅದನ್ನು ಕಾಲಿನಿಂದ ಮೂಲೆಗೆ ತಳ್ಳಿದ. ಅಪ್ಪನ ಹೆಸರೆತ್ತಿದರೆ ಮಾವನಿಗೆ ಆಗುತ್ತಿರಲಿಲ್ಲ. ನಾನು ಬಿಡಲಿಲ್ಲ. ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತೇ ಇದ್ದೆ. ಒಂದು ಪಂಕ್ಚರ್ ಮುಗಿಯಿತು, ಇನ್ನೊಂದು ಮುಗಿಯಿತು. ಮಾವ ವಡೆ ತಂದುಕೊಟ್ಟ, ತಿನ್ನಲಿಲ್ಲ. ಕೊನೆಗೆ ಅವನು ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಇಂಜಿನ್ನಾದ್ರೆ ಬಿಚ್ಬುಟ್ಟು ಸರಿ ಮಾಡ್ಬೋದು ಕಣವ್ವ," ಎಂದ. "ನಿಮ್ಮಪ್ಪ ಇಂಜಿನ್ನಲ್ಲ."

"ನೀನು ಇಂಜಿನ್ ಮಾಡ್ಕೊಡು ಸಾಕು," ಎಂದೆ.

ಮಾವ ನನ್ನ ಮುಖ ನೋಡಿ ಎದ್ದು ಹೋಗಿ ಪಾನ, ಸ್ಕ್ರೂಡ್ರೈವರ್ ಇದ್ದ ಡಬ್ಬ ತಂದ.

ಇಂಜಿನ್ ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಒಳಗೆ ಉಳಿದಿದ್ದ ಹರಳೆಣ್ಣೆ ವರ್ಷಗಟ್ಟಲೆ ಒಣಗಿ ಅಂಟಾಗಿ, ಪಿಸ್ಟನ್ನನ್ನು ಹಿಡಿದುಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ವಾರ ಬಿಟ್ಟರೂ ಅಲುಗಲಿಲ್ಲ. ಸುತ್ತಿಗೆಯಲ್ಲಿ ಒಂದು ಏಟು ಹಾಕೋಣವೇ ಎಂದೆ. ಹಾಕಿದರೆ ಇದರ ಕತೆ ಮುಗಿಯಿತು ಎಂದು ಮಾವ ತಲೆಯಾಡಿಸಿದ. ಮುಂದಿನ ಭಾನುವಾರ ಅವನೇ ಸಾಮಾನು ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಬಚ್ಚಲ ಒಲೆಯ ಮೇಲೆ ಹಳೇ ಪಾತ್ರೆಯಲ್ಲಿ ನೀರು ಕುದಿಸಿ ಇಂಜಿನ್ನನ್ನು ಅದರೊಳಗೆ ಬಿಟ್ಟ. ನೀರಿನ ಮೇಲೆ ಕಂದು ಬಣ್ಣದ ಜಿಡ್ಡು ತೇಲಿ ಬಂತು. ಬಟ್ಟೆಯಲ್ಲಿ ಹಿಡಿದು ಎತ್ತಿ, ಅದಕ್ಕೇ ಕೂಡಿಕೊಂಡಿದ್ದ ಹಿಂದಿನ ಚಕ್ರವನ್ನು ಮೆಲ್ಲಗೆ ತಿರುವಿದ. ಮತ್ತೆ ಕುದಿಸಿದ, ಮತ್ತೆ ತಿರುವಿದ. ಬಿಸಿ ತಡೆಯದೆ ಬಾಯಲ್ಲಿ ಉಫ್ ಎನ್ನುತ್ತ ನನ್ನ ಕೈಗೆ ಕೊಟ್ಟ. ನಾನು ತಿರುವಿದಾಗ ಒಳಗೆ ಏನೋ ಜಾರಿತು, ಚಕ್ರ ಒಂದು ಸುತ್ತು ಬಂತು. ಆ ಜಾರುವಿಕೆ ಇವತ್ತಿಗೂ ನನ್ನ ಬೆರಳಿಗೆ ಗೊತ್ತಿದೆ.

ಅಲ್ಲಿಂದ ಮುಂದೆ ನಮಗೆ ಬೇರೆ ಧ್ಯಾನವಿರಲಿಲ್ಲ. ಎಣ್ಣೆ ಹೋಗುವ ಸಣ್ಣ ಕೊಳವೆ ಪುಡಿಪುಡಿಯಾಗಿತ್ತು. ಅದಕ್ಕೆ ಮಾವ ಪರಿಚಯದ ಕಾಂಪೌಂಡರ್ ಹತ್ತಿರ ಡ್ರಿಪ್ ಪೈಪಿನ ತುಂಡು ತಂದ. ಇಂಜಿನ್ನಿನ ನೆತ್ತಿಯ ಮೇಲೆ ಒಂದು ತಿರುಪು ಇತ್ತು, ಒಳಗಿನ ಒತ್ತಡ ಹೆಚ್ಚು ಕಡಿಮೆ ಮಾಡಲು. ತುಕ್ಕು ಹಿಡಿದ ಅದನ್ನು ನಾನು ದಿನಾ ಸ್ಕೂಲಿಂದ ಬಂದು ಎಣ್ಣೆ ಬಿಟ್ಟು ಆಡಿಸಿ ಆಡಿಸಿ ಸಡಿಲ ಮಾಡಿದೆ. ಕಾರಿನ ಮೈಯನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಬಣ್ಣಕ್ಕೆ ಬೇರೆಲ್ಲೂ ಹೋಗಲಿಲ್ಲ, ಎತ್ತಿನ ಕೊಂಬಿಗೆ ಬಳಿಯಲು ತಂದಿದ್ದ ಕೆಂಪು ಬಣ್ಣ ಇತ್ತು. ತಂತಿ ಮೇಟಿಗೆ ಸುತ್ತಿಕೊಳ್ಳಬಾರದೆಂದು ಮಾವ ಕಂಬದ ಮೈಗೆ ಸೈಕಲ್ ಚಕ್ರದ ನಡುವಿನ ಹಳೇ ಹಬ್ಬು ಕೂರಿಸಿದ. ತಂತಿಯ ತುದಿ ಅದಕ್ಕೆ ಕಟ್ಟಿದರೆ ಕಾರಿನ ಜೊತೆ ಅದೂ ತಿರುಗುತ್ತದೆ.

ಒಂದು ಸಂಜೆ ನಾನು ಹಿತ್ತಾಳೆಯ ಚಿಕ್ಕ ಎಣ್ಣೆ ಟ್ಯಾಂಕನ್ನು ಬೂದಿಯಲ್ಲಿ ಉಜ್ಜುತ್ತಿದ್ದೆ. ಅವ್ವ ಬಂದು ಕೈಯಿಂದ ಕಿತ್ತುಕೊಂಡಳು. ಬಿಸಾಡುತ್ತಾಳೆ ಅಂದುಕೊಂಡೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವರ ದೀಪದ ಹಾಗೆ ಹೊಳೆಯಿಸಿ ಕೊಟ್ಟಳು. ಇಂಜಿನ್ನಿಗೆ ಹರಳೆಣ್ಣೆ ಬೇಕು ಎಂದಾಗ, ಅಂಗಡಿಯದು ಬೇಡ ಎಂದು ತಾನೇ ಕಾಯಿಸಿ ಇಟ್ಟಿದ್ದ ಸೀಸೆ ತೆಗೆದಳು. ಸೋಸಿದ್ದು ಸಾಲದೆಂದು ಹಳೇ ಸೀರೆಯ ತುಂಡಿನಲ್ಲಿ ಇನ್ನೊಮ್ಮೆ ಸೋಸಿದಳು. ಆಗ ಅವಳ ಮುಖ ನೋಡಿದೆ. ಅವಳೂ ನನ್ನ ಹಾಗೇ ಯೋಚಿಸುತ್ತಿದ್ದಾಳೆ ಎಂದು ಗೊತ್ತಾಯಿತು.

ಎಣ್ಣೆಯ ಲೆಕ್ಕ ಮಾವನಿಗೆ ಗೊತ್ತಿತ್ತು. ಹರಳೆಣ್ಣೆ, ಸೀಮೆಎಣ್ಣೆ, ಈಥರ್, ಮೂರೂ ಸಮ. ಹಿಂದೆ ಆಪರೇಷನ್ ಮಾಡುವಾಗ ಮೂಸಿಸಿ ಎಚ್ಚರ ತಪ್ಪಿಸುತ್ತಿದ್ದರಂತಲ್ಲ, ಆ ಈಥರ್. ಮಾವ ಮಂಡ್ಯಕ್ಕೆ ಹೋಗಿ ಯಾರನ್ನೋ ಹಿಡಿದು ಒಂದು ಬಾಟಲಿ ತಂದಿದ್ದ. ಬೆರೆಸುವಾಗ ಅಡುಗೆಮನೆಯ ತನಕ ಅದರ ಸಿಹಿ ಘಾಟು ಹರಡಿ ಅವ್ವ ಸೆರಗು ಮೂಗಿಗೆ ಹಿಡಿದಳು.

ಒಕ್ಕಣೆ ಮುಗಿದ ಕಣವನ್ನು ಗುಡಿಸಿ ಕಾರನ್ನು ಬಿಟ್ಟೆವು. ಈ ಕಾರನ್ನು ಶುರು ಮಾಡಲು ಹಿಂದಿನಿಂದ ಕವೆಗೋಲಿನಲ್ಲಿ ತಳ್ಳಿಕೊಂಡು ಓಡಬೇಕು, ಇಂಜಿನ್ ಹತ್ತಿಕೊಂಡರೆ ಅದು ಕೋಲನ್ನು ಬಿಟ್ಟು ಮುಂದೆ ಹೋಗುತ್ತದೆ. ನಾನು ಲಂಗ ಎತ್ತಿ ಸಿಕ್ಕಿಸಿಕೊಂಡು ಓಡಿದೆ. ಹತ್ತಿಕೊಳ್ಳಲಿಲ್ಲ. ಮಾವ ತಿರುಪು ಸ್ವಲ್ಪ ಬಿಗಿ ಮಾಡಿದ. ಮತ್ತೆ ಓಡಿದೆ. ಸಾಕಾಗಿ ಹೋಗುವ ತನಕ ಓಡಿದೆ. ಕಡೆಗೊಮ್ಮೆ ಫಟ್ ಫಟ್ ಎಂದು ಕೆಮ್ಮಿ, ಬಿಳೀ ಹೊಗೆ ಉಗುಳಿ, ನನ್ನ ಕೋಲಿನ ತುದಿಯಿಂದ ಕಾರು ಕಿತ್ತುಕೊಂಡು ಹೋಯಿತು. ನಾನು ಕಣದಾಚೆ ಹಾರಿ ಬಿದ್ದೆ. ಅದು ಮೇಟಿ ಸುತ್ತ ಕೆಂಪು ಗೆರೆಯ ಹಾಗೆ ಸುತ್ತುತ್ತಿತ್ತು. ಕೊಟ್ಟಿಗೆಯಲ್ಲಿ ಎತ್ತು ಹಗ್ಗ ಜಗ್ಗಿದವು, ಪಕ್ಕದ ಮನೆಯವರೆಲ್ಲ ಓಡಿ ಬಂದರು. ಎಣ್ಣೆ ಮುಗಿಯುವ ತನಕ ಅದು ನಿಲ್ಲುವುದಿಲ್ಲ. ಅಷ್ಟೂ ಹೊತ್ತು ಅವ್ವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಮಾವನೂ ನಗುತ್ತಿದ್ದ.

ಅಪ್ಪನ ಅಂಗಡಿಯ ಪಕ್ಕದ ಹೋಟೆಲ್ಲಿಗೆ ಫೋನ್ ಇತ್ತು. ಮದ್ದೂರಿನ ಕಾಯಿನ್ ಬಾಕ್ಸಿನಿಂದ ನಾನೇ ಮಾಡಿದೆ. ಯಾರೋ ಕೂಗಿ ಕರೆದರು, ಕಪ್ಪು ಬಸಿಗಳ ಸದ್ದಿನ ನಡುವೆ ಅಪ್ಪನ ದನಿ ಬಂತು. ಯಾರಿಗಾದರೂ ಹುಷಾರಿಲ್ಲವಾ ಎಂದು ಗಾಬರಿಯಿಂದ ಕೇಳಿದ. ಕಾರು ಓಡಿತು ಎಂದೆ. ಯಾವ ಕಾರು ಎಂದ. ಹೇಳಿದೆ. ಸಂಕ್ರಾಂತಿ ಹಬ್ಬ ಕಳೆದ ಮಾರನೇ ದಿನ ಬತ್ತೀನಿ ಎಂದ.

ಸಂಕ್ರಾಂತಿಯ ದಿನ ಯಾಕೆ ಬರುವುದಿಲ್ಲ ಎಂದು ನಾನು ಕೇಳಲಿಲ್ಲ. ಬರುತ್ತಾನಲ್ಲ, ಅಷ್ಟೇ ಸಾಕಾಗಿತ್ತು. ಅವ್ವ ಮಾವನಿಗೆ ಹೇಳಿ ಬಂಡೂರು ಕುರಿಯ ಬಾಡು ತರಿಸಿದಳು, ಅಪ್ಪನಿಗೆ ಬೇರೆ ಬಾಡು ಹಿಡಿಸುವುದಿಲ್ಲ ಎಂದು. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯ ತಳದಿಂದ ಹಸಿರು ಸೀರೆ ತೆಗೆದು ಉಟ್ಟಳು. ನಡುಮನೆಯಲ್ಲಿ ಹೊಸ ಚಾಪೆ ಹಾಸಿದಳು.

ಮಧ್ಯಾಹ್ನದ ಬಸ್ಸಿಗೆ ಅಪ್ಪ ಬಂದ. ಚೂರು ದಪ್ಪವಾಗಿದ್ದ. ಊಟಕ್ಕೂ ಮುಂಚೆ ಕಾರು ನೋಡಬೇಕೆಂದ. ಜಗಲಿಯ ಮೇಲಿದ್ದ ಅದನ್ನು ಎತ್ತಿ, ಚಕ್ರ ತಿರುವಿ, ಕಿವಿಯ ಹತ್ತಿರ ಹಿಡಿದು ಕೇಳಿದ. ಪಿಸ್ಟನ್ ಹೇಗೆ ಬಿಟ್ಟುಕೊಂಡಿತು ಎಂದು ಕೇಳಿದ. ನಾನು ಶುರುವಿನಿಂದ ಹೇಳಿದೆ. ಊಟದ ಉದ್ದಕ್ಕೂ ಹೇಳಿದೆ. ಸೀಮೆಎಣ್ಣೆ, ಬಿಸಿನೀರು, ಡ್ರಿಪ್ ಪೈಪು, ತಿರುಪು, ಎಲ್ಲ. ಅವನು ಮೂಳೆ ಚೀಪುವುದನ್ನೂ ನಿಲ್ಲಿಸಿ ಕೇಳಿದ. ನನ್ನ ಮಾತನ್ನು ಅವನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಅವ್ವ ಸಾರು ಬಡಿಸುತ್ತ ಬಡಿಸುತ್ತ ಇಬ್ಬರನ್ನೂ ನೋಡುತ್ತಿದ್ದಳು.

ಆಮೇಲೆ ಕಣದಲ್ಲಿ ಓಡಿಸಿದೆವು. ಕವೆಗೋಲು ಹಿಡಿದು ಅಪ್ಪನೇ ಓಡಿದ, ಪಂಚೆ ಮೇಲೆತ್ತಿ ಕಟ್ಟಿಕೊಂಡು. ಮೊದಲ ಸಲಕ್ಕೇ ಹತ್ತಿಕೊಂಡಿತು. ಅವನು ನಕ್ಕ. ನನ್ನ ತಲೆ ಮೇಲೆ ಕೈಯಿಟ್ಟು, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಅವ್ವನಿಗೆ ಹೇಳಿದ.

"ನನ್ ಮಗ ಕಣಮ್ಮಿ ಇದು. ನನ್ ಕೈಯೇ ಬಂದದೆ ಇದ್ಕೆ."

ಆ ಮಾತಿಗಾಗಿ ನಾನು ಇನ್ನೂ ಹತ್ತು ಇಂಜಿನ್ ಬಿಚ್ಚುತ್ತಿದ್ದೆ.

ಶಿವಮಾವ ಹುಲ್ಲಿನ ಮೆದೆಗೆ ಒರಗಿ ನಿಂತಿದ್ದ. ಅಪ್ಪನ ಜೊತೆ ಅವನು ಒಂದು ಮಾತೂ ಆಡಲಿಲ್ಲ, ಅಪ್ಪನೂ ಅವನನ್ನು ಮಾತಾಡಿಸಲಿಲ್ಲ.

ಹೊತ್ತು ಇಳಿಯುವಾಗ ಅಪ್ಪ ಬಸ್ಸಿನ ಮಾತೆತ್ತಿದ. ಅವ್ವ ಒಳಗೆ ಹೋದವಳು ಬಾಗಿಲ ಹಿಂದೆಯೇ ನಿಂತಳು. ಅಪ್ಪ ಕಾರನ್ನು ತಿರುವಿ ಟೈರುಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. ರಬ್ಬರು ಹಳೆಯದಾಗಿ ಬಿರುಕು ಬಿಟ್ಟಿದ್ದು ನಿಜ.

"ಇದ್ರಲ್ಲಿ ಓಡಿಸ್ತಾ ಇದ್ರೆ ಕಿತ್ಕೊಂಡು ಓಯ್ತವೆ ಮಗ. ಮಳವಳ್ಳೀಲಿ ನನ್ಗೆ ಗೊತ್ತಿರೋನೊಬ್ಬ ಅವ್ನೆ, ಒಸಾ ರಬ್ಬರ್ ಆಕ್ಸಿ ಸಿವರಾತ್ರಿಗೆ ತತ್ತೀನಿ."

ಶಿವರಾತ್ರಿಗೆ ಅಪ್ಪ ಬರುತ್ತಾನೆ ಎಂಬುದಷ್ಟೇ ನನಗೆ ಕೇಳಿಸಿದ್ದು. ನಾನೇ ಓಡಿಹೋಗಿ ಟವೆಲ್ ತಂದು, ಕಾರನ್ನು ಸುತ್ತಿ, ಎಣ್ಣೆಯ ಬಾಟಲಿಯ ಜೊತೆ ಚೀಲಕ್ಕಿಟ್ಟು ಕೊಟ್ಟೆ. ಹೊಸ ಚಾಪೆಯನ್ನು ಅವ್ವ ಸುತ್ತಿ ಗೋಡೆಗೆ ಒರಗಿಸಿದಳು.

ಶಿವರಾತ್ರಿ ಬಂತು. ಸ್ಟೇಷನ್ ರಸ್ತೆಯ ತನಕ ಹೋಗಿ ಕಾದೆ. ಬರಲಿಲ್ಲ. ಹೋಟೆಲ್ಲಿಗೆ ಫೋನ್ ಮಾಡಿದರೆ, ಈಗಷ್ಟೇ ಎಲ್ಲೋ ಹೋದರು ಎಂದರು. ಇನ್ನೊಮ್ಮೆ ಮಾಡಿದರೂ ಅದನ್ನೇ ಹೇಳಿದರು. ರಬ್ಬರ್ ಹಾಕುವವನು ಊರಲ್ಲಿಲ್ಲವೇನೋ ಎಂದು ಅವ್ವನಿಗೆ ನಾನೇ ಸಮಾಧಾನ ಹೇಳಿದೆ. ಅವ್ವ ಹೂಂ ಎಂದಳು.

ಯುಗಾದಿ ಕಳೆದು ಶಿವಮಾವನ ಮಗನಿಗೆ ಮುತ್ತತ್ತಿಯಲ್ಲಿ ಮುಡಿ ತೆಗೆಸುವುದಿತ್ತು. ಒಂದು ಟೆಂಪೋ ಮಾಡಿಕೊಂಡು ಎಲ್ಲ ಹೊರಟೆವು. ಮಳವಳ್ಳಿಯಲ್ಲಿ ಹೂವು ಹಣ್ಣು ಕೊಳ್ಳಲು ನಿಲ್ಲಿಸಿದರು. ನಾನು ಮಾವನ ಹತ್ತಿರ ಹೋಗಿ, ಅಪ್ಪನ ಅಂಗಡಿ ಎಲ್ಲಿ ತೋರಿಸು ಎಂದೆ.

"ಬ್ಯಾಡ ಕಣವ್ವ," ಎಂದ ಮಾವ. "ಅಲ್ಲಿಗ್ ಓಗಿ ಏನ್ ಮಾಡೀಯೆ?"

ಅವನು ತೋರಿಸದಿದ್ದರೂ ಪಂಪ್‌ಸೆಟ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವ್ವ ಟೆಂಪೋದೊಳಗೇ ಇದ್ದಳು, ನಾನು ಇಳಿದು ನಡೆದದ್ದನ್ನು ನೋಡಿದಳೋ ಇಲ್ಲವೋ. ಮಾವ ಹಿಂದೆಯೇ ಬರುತ್ತಿದ್ದ. ಅಂಗಡಿಯ ಮುಂದೆ ಮೋಟಾರುಗಳು ಬಿದ್ದಿದ್ದವು, ಒಳಗೆ ಯಾರೂ ಇರಲಿಲ್ಲ. ಪಕ್ಕದ ಬಯಲಿನಿಂದ ಸದ್ದು ಬರುತ್ತಿತ್ತು. ಆ ಸದ್ದು ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಯಲಿನ ನಡುವೆ ಒಂದು ಮೋಟು ಕಬ್ಬಿಣದ ಪೈಪು ನೆಟ್ಟು, ಅದರ ತಲೆಗೆ ಹಲಗೆ ಕೂರಿಸಿದ್ದರು. ಅದರ ಸುತ್ತ ಕಾರು ಓಡುತ್ತಿತ್ತು. ತಂತಿ ಕಾಲಿಗೆ ತಾಗದ ಹಾಗೆ ಆ ಹಲಗೆಯ ಮೇಲೆ ಅಪ್ಪ ನಿಂತಿದ್ದ. ಅವನ ಹೆಗಲ ಮೇಲೆ ಒಬ್ಬ ಹುಡುಗ, ಐದಾರು ವರ್ಷದವನು, ತಲೆಗೂದಲು ಹಿಡಿದುಕೊಂಡು ಕಿರುಚಿ ನಗುತ್ತಿದ್ದ. ಕವೆಗೋಲು ಹಿಡಿದ ಕೆಲಸದವನೊಬ್ಬ ಅಂಚಿನಲ್ಲಿದ್ದ, ಆಚೆ ಹುಣಸೆಮರದ ನೆರಳಲ್ಲಿ ಒಬ್ಬ ಹೆಂಗಸು ಹೂವು ಕಟ್ಟುತ್ತ ಕೂತಿದ್ದಳು.

ಅಪ್ಪ ನನ್ನನ್ನು ನೋಡಿದ. ನಡುವೆ ಕಾರು ಸುತ್ತುತ್ತಿತ್ತು, ತಂತಿ ಬಿಗಿದಿತ್ತು. ನಾನು ಒಳಗೆ ಹೋಗುವ ಹಾಗಿರಲಿಲ್ಲ, ಅವನು ಹೊರಗೆ ಬರುವ ಹಾಗೂ ಇರಲಿಲ್ಲ. ಎಣ್ಣೆ ಮುಗಿಯುವ ತನಕ ಇಬ್ಬರೂ ಹಾಗೇ ನಿಂತಿದ್ದೆವು. ನನ್ನ ಕಡೆ ನೋಡಿದ್ದು ಒಂದೇ ಸಲ. ಆಮೇಲೆ ಅವನು ಕಾರಿನ ಮೇಲೇ ಕಣ್ಣಿಟ್ಟಿದ್ದ.

ಸದ್ದು ನಿಂತಿತು. ಕಾರು ನನ್ನ ಕಾಲಿನ ಹತ್ತಿರ ಬಂದು ನಿಂತಿತು. ಟೈರು ಅವೇ ಹಳೆಯವು, ಬಿರುಕು ಹಾಗೇ ಇದ್ದವು.

"ಯಾರಪ್ಪ ಅದು?" ಎಂದು ಹುಡುಗ ಮೇಲಿನಿಂದ ಕೇಳಿದ.

ಅಪ್ಪ ಹುಣಸೆಮರದ ಕಡೆ ಒಂದು ಸಲ ನೋಡಿದ.

"ನಮ್ಮೂರ್ ಕಡೆ ಹುಡ್ಗಿ ಕಣಪ್ಪ," ಎಂದ.

ಮಾವ ಬಂದು ನನ್ನ ರಟ್ಟೆ ಹಿಡಿದ. ಅವನ ಕಣ್ಣು ಅಪ್ಪನ ಮೇಲಿತ್ತು. ಅಪ್ಪನಿಗೆ ಹೊಡೆಯುತ್ತಾನೇನೋ ಎಂದು ನಾನು ಒಂದು ಕ್ಷಣ ಆಸೆಪಟ್ಟೆ. ಮಾವ ಹೊಡೆಯಲಿಲ್ಲ. ಬಾ ಮಗ, ಟೆಂಪೋ ಓಯ್ತದೆ ಎಂದು ಮೆಲ್ಲಗೆ ಹೇಳಿ ಕರೆದುಕೊಂಡು ಬಂದ.

ಮುತ್ತತ್ತಿಯಲ್ಲಿ ಮುಡಿ ತೆಗೆಸಿದರು, ಹನುಮಂತರಾಯನಿಗೆ ಹಣ್ಣುಕಾಯಿ ಮಾಡಿಸಿದರು, ಊಟಕ್ಕೆ ಎಲೆ ಹಾಕಿದರು. ನಾನು ಹೊಳೆಯ ದಂಡೆಯ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ಅವ್ವ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಮಾವ ಹೇಳಿರಬೇಕು.

"ಅದು ಆ ಮಗೂಗೆ ಅಂತ ಆವತ್ತೇ ಗೊತ್ತಾಯ್ತು ನಂಗೆ," ಎಂದಳು. "ನೀನು ಟವಲ್ ಸುತ್ತಿ ಕೊಡ್ತಾ ಇದ್ದೆ. ಎಂಗ್ ತಡೀಲಿ?"

ತಡೆದಿದ್ದರೆ ಅವತ್ತು ಅವಳ ಮೇಲೇ ಕೂಗಾಡುತ್ತಿದ್ದೆ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅವ್ವ ನನ್ನ ಕಾಲನ್ನು ನೀರಿನಿಂದ ಎತ್ತಿ ಸೆರಗಿನಲ್ಲಿ ಒರೆಸಿದಳು. ಊಟಕ್ಕೆ ಬಾ ಎಂದಳು. ಹೋಗಿ ಉಂಡೆ. ಹಸಿವಾಗಿತ್ತು. ಅಷ್ಟೆಲ್ಲ ಆದ ಮೇಲೂ ಹಸಿವಾಗಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅದಾದ ಮೇಲೆ ಅಪ್ಪ ನಮ್ಮ ಮನೆಗೆ ಬರಲಿಲ್ಲ. ನನ್ನ ಮದುವೆಗೆ ಬಂದು, ಹಿಂದಿನ ಸಾಲಿನಲ್ಲಿ ಕೂತು, ಅಕ್ಷತೆ ಹಾಕಿ ಹೋದ. ಧಾರೆ ಎರೆದದ್ದು ಶಿವಮಾವ. ಮಾವನೂ ಈಗಿಲ್ಲ. ಅವನ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಕಣದ ಮೇಲೆ ಹೆದ್ದಾರಿ ಬಂತು. ಅವ್ವ ಮಂಡ್ಯದಲ್ಲಿ ನನ್ನ ಜೊತೆಗಿದ್ದಾಳೆ.

ಹೋದ ವರ್ಷ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಅಕ್ಕ, ನಾನು ಮಹೇಶ, ಮಳವಳ್ಳಿಯಿಂದ" ಎಂದ. ಅಪ್ಪ ತೀರಿಹೋಗಿದ್ದ. ಮಣ್ಣಿಗೆ ಹೋಗಲು ಮನಸ್ಸು ಬರಲಿಲ್ಲ, ತಿಥಿಗೆ ಹೋದೆ. ಅವ್ವ ಬರುವುದಿಲ್ಲ ಎಂದಳು. ಕೊರಳ ತಾಳಿಯನ್ನು ಅವಳು ಯಾವಾಗಲೋ ತೆಗೆದು ನನ್ನ ಮಗಳ ಓಲೆಗೆ ಹಾಕಿಸಿಬಿಟ್ಟಿದ್ದಳು.

ಮಹೇಶ ಒಳ್ಳೆಯ ಹುಡುಗ. ಹುಡುಗ ಎನ್ನುತ್ತೇನೆ, ಅವನಿಗೂ ತಲೆ ನರೆಯುತ್ತಿದೆ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ನೆಂಟರಿಗೆಲ್ಲ ನಮ್ಮಕ್ಕ ಎಂದು ಪರಿಚಯ ಹೇಳಿದ. ನಡುಮನೆಯ ಷೋಕೇಸಿನಲ್ಲಿ, ಅಪ್ಪನ ಫೋಟೋದ ಕೆಳಗೆ, ಗಾಜಿನ ಹಿಂದೆ ಆ ಕಾರು ಇತ್ತು. ಅದೇ ಕೊಂಬಿನ ಬಣ್ಣ. ನಾನು ನೋಡುತ್ತ ನಿಂತದ್ದನ್ನು ಕಂಡು ಅವನು ಹತ್ತಿರ ಬಂದ.

ಅವನು ಚಿಕ್ಕವನಿದ್ದಾಗ ಕಾಮಾಲೆಯಾಗಿ ತಿಂಗಳುಗಟ್ಟಲೆ ಮಲಗಿದ್ದನಂತೆ. ಹೊರಗೆ ಆಡಲು ಬಿಡುತ್ತಿರಲಿಲ್ಲವಂತೆ. ಅವನ ಬೇಜಾರು ನೋಡಲಾರದೆ ಅಪ್ಪ ಎಲ್ಲಿಂದಲೋ ಈ ಹಾಳಾದ ಕಾರನ್ನು ತಂದು, ಅಂಗಡಿಯಲ್ಲಿ ಕೂತು, ಕಚ್ಚಿಕೊಂಡಿದ್ದ ಪಿಸ್ಟನ್ನನ್ನು ಬಿಸಿನೀರಿನಲ್ಲಿ ಕುದಿಸಿ ಕುದಿಸಿ ಬಿಡಿಸಿ, ಓಡುವ ಹಾಗೆ ಮಾಡಿದನಂತೆ. ಹೇಳುತ್ತ ಹೇಳುತ್ತ ಮಹೇಶ ಷೋಕೇಸಿನ ಗಾಜನ್ನು ಅಂಗೈಯಲ್ಲಿ ಒರೆಸಿದ.

"ನನಗೋಸ್ಕರ ಎಷ್ಟು ಕಷ್ಟಪಟ್ಟಿದ್ರು ಅಂತೀರಕ್ಕ," ಎಂದ. "ಸಾಯೋ ತನಕ ಹೇಳ್ತಿದ್ರು."

ಹೌದಾ ಎಂದೆ. ಚೆನ್ನಾಗಿದೆ ಎಂದೆ. ಇನ್ನೇನು ಹೇಳಲಿ? ಬಯಲಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನನ್ನನ್ನು ಯಾರೆಂದು ಕೇಳಿದ್ದು ಅವನಿಗೆ ನೆನಪಿಲ್ಲ. ಅವನು ಅಳುತ್ತಿದ್ದ, ನನ್ನ ಕಣ್ಣಿನಲ್ಲಿ ನೀರಿರಲಿಲ್ಲ. ಅಲ್ಲಿದ್ದ ಹೆಂಗಸರು ಅದನ್ನು ಗಮನಿಸಿದರು. ಎಡೆಗೆ ಕೈಮುಗಿದು, ಬಡಿಸಿದ್ದನ್ನು ಉಂಡು, ಸಂಜೆಯ ಬಸ್ಸಿಗೆ ಬಂದೆ.

ಮನೆಯಲ್ಲಿ ಅವ್ವ ಕೇಳಿದಳು. ಎಲ್ಲ ಹೇಳಿದೆ, ಕಾಮಾಲೆಯ ಕತೆಯನ್ನೂ ಹೇಳಿದೆ. ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡು ಗೂಟಕ್ಕೆ ಸಿಕ್ಕಿಸಿದಳು.

"ನೀ ಏಳ್ಬೇಕಾಗಿತ್ತು," ಎಂದಳು ಕೊನೆಗೆ. "ನಾನು ಮಾಡಿದ್ದು ಅಂತ ಏಳ್ಬೇಕಾಗಿತ್ತು ಕಣವ್ವ."

ಹೇಳಬಹುದಿತ್ತು. ಹೇಳಿದ್ದರೆ ಮಹೇಶ ನಂಬುತ್ತಿದ್ದ, ಅಂಥವನು ಅವನು. ಕಾರನ್ನು ತೆಗೆದು ಕೊಟ್ಟೂ ಬಿಡುತ್ತಿದ್ದ. ತಂದು ನಾನೇನು ಮಾಡಲಿ? ಮಗನಿಗಾಗಿ ಕಷ್ಟಪಟ್ಟ ಒಬ್ಬ ಅಪ್ಪ ಅವನ ನೆನಪಿನಲ್ಲಿದ್ದಾನೆ. ನನ್ನ ನೆನಪಿನಲ್ಲಿರುವವನು ಊಟ ಬಿಟ್ಟು ನನ್ನ ಮಾತು ಕೇಳಿದವನು, ಕೇಳಿದ್ದನ್ನೆಲ್ಲ ತನ್ನದು ಮಾಡಿಕೊಂಡವನು. ಆ ಸುಗ್ಗಿಯಲ್ಲಿ ನಾನು, ಅವ್ವ, ಮಾವ ಮೂವರೂ ಒಂದೇ ಕೆಲಸಕ್ಕೆ ಕೈ ಹಾಕಿ ನಕ್ಕದ್ದು ನಿಜ. ಅಷ್ಟು ಸಂತೋಷವಾಗಿ ನಾವು ಆಮೇಲೆ ಯಾವತ್ತೂ ಇರಲಿಲ್ಲ. ಅದನ್ನಾದರೂ ಬೇರೆಯಾಗಿ ಎತ್ತಿಟ್ಟುಕೊಳ್ಳೋಣ ಎಂದು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ಅವ್ವ ಎಣ್ಣೆ ಸೋಸುವುದರಿಂದ ಶುರು ಮಾಡಿದರೂ ಕೊನೆಗೆ ಮಳವಳ್ಳಿಯ ಬಯಲಿನಲ್ಲಿ, ಎಣ್ಣೆ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತ ನಿಂತಿರುತ್ತೇನೆ.